ನೇಪಿಯರ್ ಮನೆತನದ ಆಸ್ತಿ



ಮೂಲೆ ಮಡಿಸಿಹೋದ, ಹತ್ತಾರು ಕೈ ದಾಟಿ ಬಂದ ಲಾಗ್ ಪುಸ್ತಕವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಮ್ಮೆ ಲಾಗ್ ಪುಟ ನೋಡಬೇಕಾದಲ್ಲಿ ಆಂಟಿಲಾಗ್ ಪುಟ ನೋಡಿಬಿಟ್ಟೆ. ಬಂದ ಉತ್ತರವನ್ನು ಕಂಡ ಗುರುಗಳು ನಕ್ಕು, "ಇನ್ನೊಮ್ಮೆ ಮಾಡಪ್ಪ" ಎಂದು ರೆಕಾರ್ಡ್ ಪುಸ್ತಕವನ್ನು ಹಿಂದಿರುಗಿಸಿದರು. ಸಾಲುಸಾಲು ಅಂಕಿಗಳ ಆ ಪುಸ್ತಕವನ್ನು ಮೊದಲು ಕೂತು ಲೆಕ್ಕ ಹಾಕಿದವರು ಯಾರು ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ. ಇಂದು ಆ ಪ್ರಶ್ನೆಯನ್ನೇ ಹಿಡಿದು ಸ್ಕಾಟ್ಲೆಂಡಿನ ಒಂದು ಹಳೆಯ ಮನೆತನದ ಕಥೆ ಹೇಳಬಯಸುತ್ತೇನೆ. ಅದು ಎಡಿನ್‌ಬರೊ ನಗರದ ಪಕ್ಕದ ಮರ್ಚಿಸ್ಟನ್ ಎಂಬಲ್ಲಿ ನೆಲೆಸಿದ್ದ ನೇಪಿಯರ್ ಮನೆತನ.

ಹಳೆಯ ಮನೆತನಗಳಿಗೆಲ್ಲ ಒಂದು ಹುಟ್ಟಿನ ಕಥೆ ಇರುತ್ತದೆ. ಪೂರ್ವಿಕನೊಬ್ಬ ಯುದ್ಧದಲ್ಲಿ ತೋರಿದ ಶೌರ್ಯ ಕಂಡು ರಾಜನು "ಇವನಿಗೆ ಸಮಾನರಿಲ್ಲ" ಎಂದನಂತೆ. ಅಲ್ಲಿಯ ಮಾತಿನಲ್ಲಿ ಅದು "ನೇ ಪಿಯರ್". ಅದೇ ಹೆಸರಾಯಿತು ಎಂಬುದು ಮನೆಯವರ ನಂಬಿಕೆ. ಶಬ್ದದ ಮೂಲ ಹುಡುಕುವವರು ಹೇಳುವುದೇ ಬೇರೆ. ಅರಮನೆಯ ಊಟದ ಮೇಜಿನ ಬಟ್ಟೆಗಳನ್ನು ನೋಡಿಕೊಳ್ಳುವ ಹುದ್ದೆಯಿಂದ ಈ ಹೆಸರು ಬಂದಿರಬೇಕು ಎನ್ನುತ್ತಾರೆ ಅವರು. ಮರ್ಚಿಸ್ಟನ್ನಿನ ಮೊದಲ ನೇಪಿಯರ್ ಅಂತೂ 15ನೆಯ ಶತಮಾನದ ಒಬ್ಬ ವರ್ತಕ, ಎಡಿನ್‌ಬರೊದ ನಗರಾಧ್ಯಕ್ಷನೂ ಆಗಿದ್ದವನು. ಮುಂದಿನ ತಲೆಮಾರುಗಳು ಕತ್ತಿ ಹಿಡಿದವು. 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಒಬ್ಬ, 1547ರಲ್ಲಿ ಪಿಂಕಿ ಯುದ್ಧದಲ್ಲಿ ಮತ್ತೊಬ್ಬ, ಹೀಗೆ ಈ ಮನೆಯ ಯಜಮಾನರು ಇಂಗ್ಲಿಷ್ ಸೇನೆಯೆದುರು ಪ್ರಾಣ ಕಳೆದುಕೊಂಡರು.

ಪಿಂಕಿಯಲ್ಲಿ ಸತ್ತವನ ಮೊಮ್ಮಗನೇ ಜಾನ್ ನೇಪಿಯರ್. ಹುಟ್ಟಿದ್ದು 1550ರಲ್ಲಿ. ಆಗ ಅವನ ತಂದೆಗೆ ಇನ್ನೂ ಹದಿನಾರು ವರ್ಷ! ಹದಿಮೂರನೆಯ ವಯಸ್ಸಿಗೆ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯ ಸೇರಿದ ಜಾನ್ ಅಲ್ಲಿ ಪದವಿ ಪಡೆಯಲಿಲ್ಲ. ಮುಂದೆ ಊರಿಗೆ ಮರಳಿ ಹೊಲಗದ್ದೆ ನೋಡಿಕೊಂಡ, ಎರಡು ಮದುವೆಗಳಿಂದ ಹನ್ನೆರಡು ಮಕ್ಕಳನ್ನು ಸಾಕಿದ. ಭೂಮಿಗೆ ಉಪ್ಪು ಬೆರೆಸಿ ಇಳುವರಿ ಹೆಚ್ಚಿಸುವ ಪ್ರಯೋಗ ಮಾಡಿದ, ಗಣಿಯಿಂದ ನೀರೆತ್ತುವ ತಿರುಪಿನ ಯಂತ್ರವೊಂದನ್ನು ಯೋಚಿಸಿದ. ನೆರೆಹೊರೆಯವರು ಇವನನ್ನು ಮಂತ್ರವಾದಿ ಎಂದೇ ತಿಳಿದಿದ್ದರು.

ಆ ನಂಬಿಕೆಯ ಸುತ್ತ ಹುಟ್ಟಿದ ಒಂದು ಕಥೆ ಹೀಗಿದೆ. ಮನೆಯಲ್ಲಿ ಕಳವಾಯಿತು. ಕತ್ತಲೆ ಕೋಣೆಯಲ್ಲಿರುವ ತನ್ನ ಕಪ್ಪು ಹುಂಜವನ್ನು ಆಳುಗಳು ಒಬ್ಬೊಬ್ಬರಾಗಿ ಹೋಗಿ ಸವರಿ ಬರಬೇಕು, ಕಳ್ಳ ಮುಟ್ಟಿದರೆ ಅದು ಕೂಗುತ್ತದೆ ಎಂದ ಜಾನ್. ಹುಂಜ ಕೂಗಲಿಲ್ಲ. ಎಲ್ಲರ ಅಂಗೈಗೂ ಮಸಿ ಹತ್ತಿತ್ತು, ಒಬ್ಬನದು ಮಾತ್ರ ಶುಭ್ರವಾಗಿತ್ತು. ಹುಂಜಕ್ಕೆ ಮೊದಲೇ ಮಸಿ ಬಳಿದಿದ್ದರು. ಹೆದರಿ ಅದನ್ನು ಮುಟ್ಟದೇ ಬಂದವನೇ ಕಳ್ಳ! ಇದು ನಡೆದದ್ದೋ ಕಟ್ಟಿದ್ದೋ, ಮಂತ್ರವೆಂದು ಜನ ಅಂದುಕೊಂಡದ್ದು ಬರೀ ಯೋಚನೆಯಾಗಿತ್ತು ಎಂಬುದನ್ನು ಗಮನಿಸಿ.

ಆ ಕಾಲದಲ್ಲಿ ಗ್ರಹಗಳ ಸ್ಥಾನ ತಿಳಿಯಲು, ಹಡಗು ನಡೆಸಲು, ಭೂಮಿ ಅಳೆಯಲು ಉದ್ದುದ್ದ ಸಂಖ್ಯೆಗಳನ್ನು ಗುಣಿಸಬೇಕಿತ್ತು, ಭಾಗಿಸಬೇಕಿತ್ತು. ಕೈಯಿಂದ ಮಾಡುವ ಲೆಕ್ಕ. ತಿಂಗಳುಗಟ್ಟಲೆ ದುಡಿಮೆ, ಹೆಜ್ಜೆಹೆಜ್ಜೆಗೂ ತಪ್ಪಿನ ಭಯ. ಗುಣಾಕಾರವನ್ನು ಕೂಡುವ ಲೆಕ್ಕವಾಗಿ ಬದಲಿಸಲು ಸಾಧ್ಯವೇ ಎಂಬುದು ಜಾನ್ ಹಾಕಿಕೊಂಡ ಪ್ರಶ್ನೆ.

ಹಾಳೆಯ ಮೇಲೆ 1, 2, 3, 4, 5, 6, 7, 8 ಎಂದು ಬರೆಯಿರಿ. ಅವುಗಳ ಕೆಳಗೆ 2, 4, 8, 16, 32, 64, 128, 256 ಎಂದು ಬರೆಯಿರಿ. ಈಗ 8ನ್ನು 32ರಿಂದ ಗುಣಿಸಬೇಕು. 8ರ ಮೇಲೆ 3 ಇದೆ, 32ರ ಮೇಲೆ 5 ಇದೆ. ಕೂಡಿದರೆ 8. ಮೇಲಿನ ಸಾಲಿನ 8ರ ಕೆಳಗೆ ಇರುವುದು 256. ಅದೇ ಉತ್ತರ! ಕೆಳಗಿನ ಸಾಲಿನ ಗುಣಾಕಾರ ಮೇಲಿನ ಸಾಲಿನಲ್ಲಿ ಸಂಕಲನವಾಯಿತು. ಆದರೆ 8ಕ್ಕೂ 16ಕ್ಕೂ ನಡುವೆ ಇರುವ ಸಂಖ್ಯೆಗಳ ಗತಿಯೇನು? ಆ ಸಂದುಗಳನ್ನೆಲ್ಲ ತುಂಬಿಸುವುದೇ ನಿಜವಾದ ಕಷ್ಟ. ಘಾತಾಂಕಗಳನ್ನು ನಾವು ಇಂದು ಬರೆಯುವ ಪದ್ಧತಿ ಆಗ ಬಳಕೆಯಲ್ಲಿರಲಿಲ್ಲ. ಒಂದೇ ವೇಗದಲ್ಲಿ ಸಾಗುವ ಒಂದು ಬಿಂದು, ಕ್ರಮವಾಗಿ ನಿಧಾನವಾಗುವ ಇನ್ನೊಂದು ಬಿಂದು, ಇವೆರಡನ್ನು ಮನಸ್ಸಿನಲ್ಲಿ ಓಡಿಸಿ ಜಾನ್ ತನ್ನ ಕೋಷ್ಟಕವನ್ನು ಕಟ್ಟಿದ. ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1614ರಲ್ಲಿ ಎಡಿನ್‌ಬರೊದಲ್ಲಿ ಅಚ್ಚಾದ ಲ್ಯಾಟಿನ್ ಪುಸ್ತಕದಲ್ಲಿ 57 ಪುಟ ವಿವರಣೆ, 90 ಪುಟ ಕೋಷ್ಟಕ. ಲಾಗರಿದಮ್ ಎಂಬ ಹೆಸರನ್ನು ಗ್ರೀಕ್ ಶಬ್ದಗಳಿಂದ ಕಟ್ಟಿದವನೂ ಆತನೇ. ಕನ್ನಡದಲ್ಲಿ ನಾವು ಲಘುಗಣಕ ಎನ್ನುತ್ತೇವೆ.

ಆ ಪುಸ್ತಕ ಕಂಡ ಲಂಡನ್ನಿನ ಗಣಿತದ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ 1615ರಲ್ಲಿ ಮರ್ಚಿಸ್ಟನ್ನಿಗೇ ಹೊರಟುಬಂದ. ಇಬ್ಬರೂ ಕಾಲು ಗಂಟೆ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದರೆಂದು ಹೇಳುವುದುಂಟು. ಕೋಷ್ಟಕವನ್ನು ಹತ್ತರ ಆಧಾರದ ಮೇಲೆ ಹೊಸದಾಗಿ ಕಟ್ಟಬೇಕೆಂದು ಇಬ್ಬರೂ ಒಪ್ಪಿದರು. ಆದರೆ 1617ರ ಏಪ್ರಿಲ್ 4ರಂದು ಜಾನ್ ತೀರಿಕೊಂಡ. ಕೆಲಸವನ್ನು ಬ್ರಿಗ್ಸ್ ಮುಂದುವರಿಸಿದ. ಅವನು ಬಿಟ್ಟ ಭಾಗವನ್ನು ಹಾಲೆಂಡಿನ ವ್ಲಾಕ್ 1628ರಲ್ಲಿ ತುಂಬಿದ. ಖಗೋಳ ವಿಜ್ಞಾನಿ ಕೆಪ್ಲರ್ 1620ರ ತನ್ನ ಪಂಚಾಂಗವನ್ನು ನೇಪಿಯರನಿಗೆ ಅರ್ಪಿಸಿದ. ಆ ವೇಳೆಗೆ ಪಡೆಯಬೇಕಾದವನೇ ಇರಲಿಲ್ಲ.

ಇಲ್ಲಿ ಎರಡು ಮಾತುಗಳನ್ನು ಮರೆಮಾಚದೆ ಹೇಳಬೇಕು. ಮೊದಲನೆಯದು, ಕೋಷ್ಟಕದಲ್ಲಿ ಒಂದು ತಪ್ಪಿತ್ತು. ತಯಾರಿಯ ಒಂದು ಹಂತದಲ್ಲಿ 9995001.224804 ಎಂದು ಬರಬೇಕಿದ್ದ ಸಂಖ್ಯೆ 9995001.222927 ಎಂದಾಗಿತ್ತು. ಅದರ ಮೇಲೆ ನಿಂತ ಲೆಕ್ಕಗಳ ಕೊನೆಯ ಅಂಕಿಗಳು ಕೆಟ್ಟವು. ನಂತರದವರು ಅದನ್ನು ಹುಡುಕಿದರು, ಹುಡುಕಲು ಸಾಧ್ಯವಾದದ್ದು ಜಾನ್ ತನ್ನ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದರಿಂದ. ಎರಡನೆಯದು, ತನ್ನ ಬಾಳಿನ ದೊಡ್ಡ ಕೆಲಸವೆಂದು ಜಾನ್ ತಿಳಿದದ್ದು ಲಾಗರಿದಮನ್ನಲ್ಲ, 1593ರಲ್ಲಿ ಬೈಬಲಿನ ಕೊನೆಯ ಪುಸ್ತಕದ ಮೇಲೆ ಬರೆದ ವ್ಯಾಖ್ಯಾನವನ್ನು. ಲೋಕ 1688 ಮತ್ತು 1700ರ ನಡುವೆ ಕೊನೆಯಾಗುತ್ತದೆ ಎಂದು ಅದರಲ್ಲಿ ಆತ ಲೆಕ್ಕ ಹಾಕಿದ್ದ. 1700 ಬಂತು, ಹೋಯಿತು. ಅದೇ ಬುದ್ಧಿ, ಅದೇ ಶ್ರದ್ಧೆ. ಒಂದು ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಿತ್ತು, ಇನ್ನೊಂದನ್ನು ಹಾಗೆ ಪರೀಕ್ಷಿಸಲು ಕಾಯದೆ ಬೇರೆ ದಾರಿ ಇರಲಿಲ್ಲ.

ಇನ್ನು ಮನೆತನದ ಮುಂದಿನ ಕಥೆ. ಜಾನ್‌ನ ಮಗ ಆರ್ಚಿಬಾಲ್ಡ್ 1627ರಲ್ಲಿ ಲಾರ್ಡ್ ಪದವಿ ಪಡೆದ. ಗಂಡು ಸಂತಾನ ನಿಂತರೆ ಪದವಿ ಹೆಣ್ಣುಮಕ್ಕಳ ಕಡೆಗೆ ಹೋಗಬಹುದೆಂದು 1677ರಲ್ಲಿ ಅಪ್ಪಣೆಯಾಯಿತು. ಹಾಗೆಯೇ ನಡೆದು, ಮುಂದಿನ ಲಾರ್ಡ್‌ಗಳು ಹುಟ್ಟಿನಿಂದ ಸ್ಕಾಟ್ ಎಂಬ ಬೇರೆ ಮನೆಯವರಾದರೂ ನೇಪಿಯರ್ ಎಂಬ ಹೆಸರನ್ನೇ ಇಟ್ಟುಕೊಂಡರು. ಅವರ ಪೀಳಿಗೆಯವರು ಬ್ರಿಟಿಷ್ ಸಾಮ್ರಾಜ್ಯದ ಜೊತೆ ಏಷ್ಯಾಕ್ಕೆ ಬಂದರು.

ಒಂಬತ್ತನೆಯ ಲಾರ್ಡ್, ವಿಲಿಯಂ ಜಾನ್, 1834ರಲ್ಲಿ ವ್ಯಾಪಾರದ ಮೇಲ್ವಿಚಾರಕನಾಗಿ ಚೀನಾಕ್ಕೆ ಹೋದ. ಅಲ್ಲಿಯ ಪದ್ಧತಿಗೆ ತಲೆಬಾಗದೆ ಅಧಿಕಾರಿಗಳೊಡನೆ ಜಗಳ ಕಟ್ಟಿಕೊಂಡ, ಯುದ್ಧನೌಕೆಗಳನ್ನು ಕರೆಸಿದ, ಕೊನೆಗೆ ಜ್ವರದಿಂದ ಮಕಾವಿನಲ್ಲಿ ಸತ್ತ. ಐದು ವರ್ಷಗಳಲ್ಲಿ ಅಫೀಮು ಯುದ್ಧ ಆರಂಭವಾಯಿತು. ಇದೇ ಮನೆತನದ ಇನ್ನೊಂದು ಕವಲಿನ ಸೇನಾಪತಿ ಚಾರ್ಲ್ಸ್ ಜೇಮ್ಸ್ ನೇಪಿಯರ್ 1843ರಲ್ಲಿ ಮಿಯಾನಿಯಲ್ಲಿ ಅಮೀರರನ್ನು ಸೋಲಿಸಿ ಸಿಂಧ್ ಪ್ರಾಂತವನ್ನು ಬ್ರಿಟಿಷರ ವಶಕ್ಕೆ ತಂದ. ಸಿಂಧನ್ನು ಕಿತ್ತುಕೊಳ್ಳಲು ನಮಗೆ ಹಕ್ಕಿಲ್ಲ ಎಂದು ದಿನಚರಿಯಲ್ಲಿ ತಾನೇ ಬರೆದುಕೊಂಡಿದ್ದ, ಆದರೂ ಕಿತ್ತುಕೊಂಡ. ಗೆದ್ದ ಸುದ್ದಿಯನ್ನು "ನಾನು ಪಾಪ ಮಾಡಿದ್ದೇನೆ" ಎಂಬರ್ಥದ ಒಂದೇ ಲ್ಯಾಟಿನ್ ಪದದಲ್ಲಿ ಕಳಿಸಿದನೆಂಬ ಕಥೆ ಪ್ರಸಿದ್ಧ. ಇಂಗ್ಲಿಷಿನಲ್ಲಿ ಪಾಪಕ್ಕೂ ಸಿಂಧಿಗೂ ಉಚ್ಚಾರ ಹತ್ತಿರ. ವಾಸ್ತವವಾಗಿ ಅದು ಕ್ಯಾಥರಿನ್ ವಿಂಕ್‌ವರ್ತ್ ಎಂಬ ಹದಿಹರೆಯದ ಹುಡುಗಿಯ ಹಾಸ್ಯ. 1844ರಲ್ಲಿ ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ ಬಂದದ್ದು. ದಂಡನಾಯಕ ಹೇಳಬೇಕಾಗಿದ್ದ ಮಾತನ್ನು ಹುಡುಗಿಯೊಬ್ಬಳು ಹೇಳಿದಳು.

ಹತ್ತನೆಯ ಲಾರ್ಡ್ ಫ್ರಾನ್ಸಿಸ್ ನೇಪಿಯರ್ 1866ರಿಂದ 1872ರವರೆಗೆ ಮದರಾಸಿನ ಗವರ್ನರ್. ಅಂದು ಮಂಗಳೂರು, ಬಳ್ಳಾರಿ ಸೀಮೆಗಳೂ ಮದರಾಸಿಗೆ ಸೇರಿದ್ದವು, ಅಂದರೆ ನಮ್ಮವರಲ್ಲಿ ಕೆಲವರು ಅವನ ಆಡಳಿತದಲ್ಲಿದ್ದರು. ಚೆನ್ನೈನ ನೇಪಿಯರ್ ಸೇತುವೆ, ತಿರುವನಂತಪುರದ ನೇಪಿಯರ್ ವಸ್ತುಸಂಗ್ರಹಾಲಯ ಇವನ ಹೆಸರಿನವೇ. 1872ರಲ್ಲಿ ವೈಸರಾಯ್ ಮೇಯೊ ಅಂಡಮಾನಿನಲ್ಲಿ ಕೊಲೆಯಾದಾಗ ಕೆಲವು ತಿಂಗಳು ಹಂಗಾಮಿ ವೈಸರಾಯ್ ಆಗಿದ್ದ. ಊರಿಗೆ ಮರಳಿದ ಮೇಲೆ, ಸ್ಕಾಟ್ಲೆಂಡಿನ ಬಡ ಗೇಣಿದಾರರ ಕಷ್ಟ ವಿಚಾರಿಸುವ ಆಯೋಗಕ್ಕೆ 1883ರಲ್ಲಿ ಅಧ್ಯಕ್ಷನಾದ. 1886ರಲ್ಲಿ ಬಂದ ಕಾನೂನು ಆ ರೈತರಿಗೆ ಭೂಮಿಯ ಭದ್ರತೆ ಕೊಟ್ಟಿತು. ಮನೆತನ ಮಾಡಿದ ಒಳ್ಳೆಯದನ್ನೂ ಹೇಳುವುದು ನ್ಯಾಯ.

ಈಗ ಲೆಕ್ಕ ಹಾಕೋಣ. ಪದವಿ ಒಬ್ಬೊಬ್ಬ ವಾರಸುದಾರನಿಗೆ ಮಾತ್ರ ದಕ್ಕಿತು. ಭೂಮಿ ಕೈಬದಲಾಯಿತು. ಜಾನ್ ಹುಟ್ಟಿದ ಮರ್ಚಿಸ್ಟನ್ ಗೋಪುರ ಇಂದು ಎಡಿನ್‌ಬರೊ ನೇಪಿಯರ್ ವಿಶ್ವವಿದ್ಯಾನಿಲಯದ ಆವರಣದೊಳಗೆ ನಿಂತಿದೆ. ಗೆದ್ದುಕೊಟ್ಟ ಸಿಂಧ್ 1947ರಲ್ಲಿ ಬ್ರಿಟಿಷರ ಕೈಬಿಟ್ಟಿತು. ಕೋಷ್ಟಕ ಮಾತ್ರ ಹಂಚಿದಷ್ಟೂ ಕಡಿಮೆಯಾಗದ ಆಸ್ತಿ. ಅದಕ್ಕೆ ಎಲ್ಲರೂ ವಾರಸುದಾರರು.

ಕ್ಯಾಲ್ಕುಲೇಟರ್ ಬಂದ ಮೇಲೆ ಲಾಗ್ ಪುಸ್ತಕ ಯಾಕೆ ಎಂದು ನೀವು ಕೇಳಬಹುದು. ಪುಸ್ತಕದ ಕೆಲಸ ಕಡಿಮೆಯಾಗಿದೆ, ವಿಚಾರದ ಕೆಲಸ ಕಡಿಮೆಯಾಗಿಲ್ಲ. ಈ ಮಾತುಗಳನ್ನು ಧ್ವನಿಮುದ್ರಿಸುವಾಗ ಸ್ಟುಡಿಯೋದಲ್ಲಿ ನನ್ನ ಕಣ್ಣ ಮುಂದಿರುವ ಮೀಟರ್ ಡೆಸಿಬೆಲ್‌ಗಳನ್ನು ತೋರಿಸುತ್ತಿದೆ. ಧ್ವನಿಯ ಶಕ್ತಿ ಹತ್ತು ಪಟ್ಟಾದರೆ ಅದು 10 ಡೆಸಿಬೆಲ್ ಏರುತ್ತದೆ. ಅದು ಲಾಗರಿದಮ್ಮಿನ ಅಳತೆಗೋಲು. ಪ್ರಯೋಗಶಾಲೆಯಲ್ಲಿ ನೀವು ನೋಡುವ ಪಿ.ಎಚ್. ಕೂಡ ಅದೇ.

ದೊಡ್ಡ ಮನೆಯಲ್ಲಿ ಹುಟ್ಟುವುದು ನಮ್ಮ ಕೈಯಲ್ಲಿಲ್ಲ. ಬೇರೆಯವರು ಪರೀಕ್ಷಿಸಿ, ತಪ್ಪಿದ್ದರೆ ತಿದ್ದಿ, ಮುಂದೆ ಬಳಸಬಹುದಾದ ಕೆಲಸವೊಂದನ್ನು ಬಿಟ್ಟುಹೋಗುವುದು ಕೈಯಲ್ಲಿದೆ. ಮುಂದಿನ ಸಲ ಲಾಗ್ ಪುಟ ತೆರೆದಾಗ ಇಪ್ಪತ್ತು ವರ್ಷ ದುಡಿದ ಆ ಮನುಷ್ಯನನ್ನು ಒಂದು ಕ್ಷಣ ನೆನೆಯಿರಿ. ಹಾಗೆಯೇ ಅದು ಆಂಟಿಲಾಗ್ ಪುಟವಲ್ಲವೆಂದು ಖಚಿತಪಡಿಸಿಕೊಳ್ಳಿ.