ಬೆಲೆ ಕಟ್ಟುವವರು ಯಾರು?



ಗಿರಣಿಯಲ್ಲಿ ದುಡಿದು, ಕೂಲಿಯಲ್ಲಿ ನಾಲ್ಕು ಕಾಸು ಉಳಿಸಿ, ಒಂದು ಕೋಣೆ ಕಟ್ಟಿಸಹೊರಟವನು ಸಿಮೆಂಟಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಮೂರು ನಾಲ್ಕು ಕಂಪನಿಗಳ ಚೀಲಗಳಿವೆ. ಬೆಲೆ ಮಾತ್ರ ಒಂದೇ. ಅವನು ಅಂಗಡಿಯವರ ಮೇಲೆ ರೇಗುತ್ತಾನೆ. ಅಂಗಡಿಯವರು ಕೈಚೆಲ್ಲುತ್ತಾರೆ. ಹಾಗಾದರೆ ಬೆಲೆ ಕಟ್ಟಿದವರು ಯಾರು?

ಈ ಪ್ರಶ್ನೆ ಹಳೆಯದು. 1964ರಲ್ಲಿ ಸರ್ಕಾರ ಏಕಸ್ವಾಮ್ಯ ವಿಚಾರಣಾ ಆಯೋಗವನ್ನು ನೇಮಿಸಿತು. 1969ರಲ್ಲಿ ಏಕಸ್ವಾಮ್ಯದ ವಿರುದ್ಧ ಕಾಯಿದೆಯೂ ಬಂತು. ಅದರ ಕಣ್ಣು ಗಾತ್ರದ ಮೇಲಿತ್ತು: ದೊಡ್ಡ ಉದ್ಯಮ ಇನ್ನೂ ಬೆಳೆಯಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಆದರೆ ಅಂದಿನ ಲೈಸೆನ್ಸು ಪದ್ಧತಿಯೇ ಹೊಸಬರನ್ನು ಹೊರಗಿಟ್ಟು, ಇದ್ದವರಿಗೆ ಬೇಲಿಯಾಯಿತೆಂಬುದನ್ನೂ ನಾವು ಒಪ್ಪಬೇಕು.

1991ರಲ್ಲಿ ಆ ಒಪ್ಪಿಗೆಯ ನಿಯಮವನ್ನು ತೆಗೆದರು. 2002ರ ಸ್ಪರ್ಧಾ ಕಾಯಿದೆ ಬೇರೆ ಮಾತು ಹೇಳಿತು: ದೊಡ್ಡವನಾಗುವುದು ತಪ್ಪಲ್ಲ, ದೊಡ್ಡಸ್ತಿಕೆಯನ್ನು ದುರುಪಯೋಗ ಮಾಡುವುದು ತಪ್ಪು, ಒಳಗೊಳಗೇ ಕೂಡಿ ಬೆಲೆ ಕಟ್ಟುವುದು ತಪ್ಪು. ಈ ವಿಧಿಗಳು ಜಾರಿಗೆ ಬಂದದ್ದು 2009ರಲ್ಲಿ. ಬಾಗಿಲು ತೆರೆದ 18 ವರ್ಷಗಳ ಮೇಲೆ ಹೊಸ ಕಾವಲುಗಾರ ಕೆಲಸಕ್ಕೆ ಬಂದ!

ಬಂದವನು ಸುಮ್ಮನಿರಲಿಲ್ಲ. 2012ರಲ್ಲಿ ಸ್ಪರ್ಧಾ ಆಯೋಗ ಸಿಮೆಂಟ್ ಕಂಪನಿಗಳು ಕೂಡಿಕೊಂಡಿದ್ದವೆಂದು ತೀರ್ಮಾನಿಸಿ 6,000 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. 2015ರಲ್ಲಿ ಮೇಲ್ಮನವಿಯಲ್ಲಿ ಆ ಆದೇಶ ಬಿತ್ತು. 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು. ಅಷ್ಟರಲ್ಲಿ ಕೋಣೆ ಕಟ್ಟಿಸಿದವನ ಸಾಲಕ್ಕೆ ಬಡ್ಡಿ ಬೆಳೆದಿತ್ತು.

ವ್ಯಾಪಾರಿ ಬಂಧುಗಳಿಗೆ ಎರಡು ಮಾತು. ಬಲಾಢ್ಯ ಕಂಪನಿ ಎದುರಾಳಿಗಳನ್ನು ಮುಗಿಸಲೆಂದೇ ಅಸಲಿಗಿಂತ ಕಡಿಮೆಗೆ ಮಾರಿದರೆ ಅದು ಅಪರಾಧ. ಆದರೆ ಮಾರುಕಟ್ಟೆಯಲ್ಲಿ ಅದರ ಪ್ರಾಬಲ್ಯ ಮೊದಲು ಸಾಬೀತಾಗಬೇಕು. ಇನ್ನೊಂದು, ಕಾಯಿದೆ ನಮಗೂ ಅನ್ವಯಿಸುತ್ತದೆ. ತಮ್ಮ ಒಪ್ಪಿಗೆಯಿಲ್ಲದೆ ಹೊಸ ವಿತರಕರನ್ನು ನೇಮಿಸಬಾರದೆಂದು ಹಟ ಹಿಡಿದ ಔಷಧ ವ್ಯಾಪಾರಿಗಳ ಸಂಘಗಳಿಗೂ ಆಯೋಗ ದಂಡ ಹಾಕಿದೆ. ದೊಡ್ಡವರಿಗೊಂದು ನ್ಯಾಯ, ನಮಗೊಂದು ನ್ಯಾಯ ಎಂದು ನಾವು ಕೇಳಲಾಗದು.

ಸಿಮೆಂಟಿನ ದೂರು ಕೊಟ್ಟದ್ದು ಕಟ್ಟಡ ನಿರ್ಮಾಣಗಾರರ ಸಂಘ. ಅವರ ಬಳಿ ಲೆಕ್ಕವಿತ್ತು, ಒಗ್ಗಟ್ಟಿತ್ತು. ಆಯೋಗಕ್ಕೆ ಯಾರೂ ದೂರು ಕೊಡಬಹುದು. ಗ್ರಾಹಕರ ಸಂಘವೂ ವ್ಯಾಪಾರಿಗಳ ಸಂಘವೂ ಕೊಡಬಹುದು. ಆದ್ದರಿಂದ ರಸೀದಿ ಎಸೆಯಬೇಡಿ. ಬೆಲೆ ಏರಿದ ತಾರೀಖು ಬರೆದಿಡಿ. ಕೊಳ್ಳುವವನೂ ಮಾರುವವನೂ ಪರಸ್ಪರ ರೇಗುವುದನ್ನು ಬಿಟ್ಟು, ಒಂದೇ ಅರ್ಜಿಗೆ ಸಹಿ ಹಾಕಿ.