ಮುಷ್ಕರದ ದಿನ ಮೇಷ್ಟ್ರು ಹೇಳಿದ ಲೆಕ್ಕ



ಇಂಥ ಸಭೆಯಲ್ಲಿ ಹಳೆಯ ವಿದ್ಯಾರ್ಥಿಗಳು ಮಳೆಗಾಲದ ಕೊಡೆ, ತಿಂದ ಪೆಟ್ಟು ನೆನಪಿಸಿಕೊಳ್ಳುವುದು ವಾಡಿಕೆ. ನಾನು ಮಾತ್ರ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕಿದೆ.

2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು. 7ನೇ ವೇತನ ಆಯೋಗದಂತೆ ಸಂಬಳ ಹೆಚ್ಚಬೇಕು, ಹಳೆಯ ಪಿಂಚಣಿ ಮರಳಿ ಬರಬೇಕು ಎಂಬುದು ಅವರ ಬೇಡಿಕೆ. ಅಂದು ನಮ್ಮಮ್ಮ ಬಿಪಿ ಮಾತ್ರೆಗೆಂದು ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗಿ, ಬರಿಗೈಲಿ ವಾಪಸ್ ಬಂದರು. ಬೆಂಗಳೂರಿನಲ್ಲಿ ಕೂತಿದ್ದ ನನಗೆ ಸಿಟ್ಟು ಬಂತು. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರಿಗೆ ಫೋನ್ ಮಾಡಿ, "ಕಾಯಂ ಕೆಲಸ ಇಟ್ಕೊಂಡು ನಿಮಗೆಂಥಾ ಮುಷ್ಕರ ಸಾರ್?" ಎಂದುಬಿಟ್ಟೆ.

ಅವರು ಬೈಯಲಿಲ್ಲ. ಲೆಕ್ಕ ಹೇಳಿದರು. 2006ರ ಏಪ್ರಿಲ್ 1ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರಿಗೆ ಪೂರ್ತಿ ಸೇವೆ ಮುಗಿದರೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ. ಆಮೇಲೆ ಸೇರಿದವರಿಗೆ ಎನ್‌ಪಿಎಸ್: ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಡಿತ, ಜೊತೆಗೆ ಸರ್ಕಾರದ ಪಾಲು. ಆ ಹಣ ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ಎಷ್ಟು ಬರುತ್ತದೆಂದು ಮುಂಚಿತವಾಗಿ ಹೇಳುವವರಿಲ್ಲ. "ನಿನಗೆ ಈ ಕಂಪನಿ ಅಲ್ಲದಿದ್ರೆ ಇನ್ನೊಂದು ಮಾರಾಯ. ಅರವತ್ತಾದ ಮೇಲೆ ನಾನೆಲ್ಲಿ ಹೋಗ್ಲಿ?" ಎಂದರು.

ಅಂದೇ ಸರ್ಕಾರ ಶೇ. 17 ಮಧ್ಯಂತರ ಪರಿಹಾರಕ್ಕೆ ಆದೇಶ ಹೊರಡಿಸಿತು, ಪಿಂಚಣಿಗೆ ಒಂದು ಸಮಿತಿ ಎಂದಿತು, ಮುಷ್ಕರ ಮುಗಿಯಿತು. ಹೊಸ ವೇತನ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು.

ಆದರೆ ಫೋನ್ ಇಡುವ ಮೊದಲು ಮೇಷ್ಟ್ರು ಇನ್ನೊಂದು ಮಾತು ಹೇಳಿದ್ದರು: "ನಮ್ಮದು ಹೇಗೋ ಆಗ್ತದೆ. ಅತಿಥಿ ಶಿಕ್ಷಕರ ಪರವಾಗಿ ಯಾರು ಕೇಳ್ತಾರೆ?" ಅವರಿಗೆ ಬರುವುದು ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಪಿಂಚಣಿಯ ಮಾತೇ ಇಲ್ಲ. ಕಾಯಂ ಹುದ್ದೆ ತುಂಬದಿದ್ದರೆ ಬಜೆಟ್‌ನಲ್ಲಿ ಅದು ಉಳಿತಾಯ. ಕೊಡಚಾದ್ರಿ ಬುಡದ ಹಳ್ಳಿಯ ಮಗುವಿಗೆ ಅದು ವರ್ಷಕ್ಕೊಬ್ಬ ಹೊಸ ಗಣಿತ ಮೇಷ್ಟ್ರು.

ಅಮ್ಮನ ಮಾತ್ರೆ ತಪ್ಪಿದ್ದು ಸರಿ ಎಂದು ಇವತ್ತೂ ನಾನು ಹೇಳುವುದಿಲ್ಲ. ಆದರೆ ಒಂದು ದಿನ ಬಾಗಿಲು ಮುಚ್ಚಿದ್ದಕ್ಕೆ ಅಷ್ಟು ಸಿಟ್ಟಾದ ನಾನು, ವರ್ಷಗಟ್ಟಲೆ ಖಾಲಿ ಇರುವ ಕುರ್ಚಿಗಳ ಬಗ್ಗೆ ಒಂದು ದಿನವೂ ಸಿಟ್ಟಾಗಿರಲಿಲ್ಲ. ಅದೇ ನನ್ನ ತಪ್ಪು.

ಗೆಳೆಯರೇ, ನಾವು ಸೇರಿ ಶಾಲೆಗೆ ಕಂಪ್ಯೂಟರ್ ಕೊಡಬಹುದು, ಬಣ್ಣ ಬಳಿಸಬಹುದು. ಕಾಯಂ ಮೇಷ್ಟ್ರನ್ನು ಕೊಡುವುದು ನಮ್ಮ ಕೈಲಿಲ್ಲ. ಅದು ಸರ್ಕಾರದ ಕೆಲಸ. ಕೇಳುವುದು ನಮ್ಮ ಕೆಲಸ. ಯಾವ ಹುದ್ದೆ ಖಾಲಿ ಬಿದ್ದರೂ ಶಾಲೆಯ ಸಮಿತಿಯ ಅರ್ಜಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸಹಿ ಹಾಕೋಣ. ಮೊದಲ ಸಹಿ ನನ್ನದು.

ಗುರುಗಳೇ, ಅಂದು ಫೋನಿನಲ್ಲಿ ಆಡಿದ ಮಾತಿಗೆ ಕ್ಷಮೆ ಇರಲಿ.