ನೆರೆ ಇಳಿದ ಮೇಲೆ ಉಳಿಯುವ ನೋವು

(ಬಳಗದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಮಾತನಾಡಲಿರುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಕುರಿತು. ಬಯಲುನಾಡಿನ ಕಥೆ ಬೆಟ್ಟದವರಿಗೇಕೆ ಎಂದು ನೀವು ಕೇಳಬಹುದು. ಮೊದಲ ಕಾರಣ, ನದಿ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಅಣೆಕಟ್ಟೆಯನ್ನು ದಾಟಿ, ಆನೆಗೊಂದಿಯ ಬಂಡೆಗಳ ನಡುವೆ ಗಂಗಾವತಿಯ ಗದ್ದೆಗಳತ್ತ ಹರಿಯುತ್ತಾರೆ. ನಮ್ಮ ಗುಡ್ಡದ ಮಳೆಯೇ ಅವರ ನೀರು. ಎರಡನೆಯ ಕಾರಣ, ಮನೆಮಠ ಕಳೆದುಕೊಂಡ ಮನುಷ್ಯನ ಸಂಕಟಕ್ಕೆ ಬೆಟ್ಟ ಬಯಲೆಂಬ ಭೇದವಿಲ್ಲ. 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ಮುಳುಗಿದಾಗಲೇ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಕುಸಿದು ಜನ ಮಣ್ಣಿನಡಿ ಸಿಲುಕಿ ಸತ್ತರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳಲ್ಲಿ ಆದದ್ದನ್ನು ನೀವೆಲ್ಲ ಬಲ್ಲಿರಿ. ನಾಳೆಯ ಸರದಿ ಯಾರದೆಂದು ಯಾರೂ ಹೇಳಲಾರರು.

ನಾನು ವೈದ್ಯನಲ್ಲ, ಮಣ್ಣು ಮತ್ತು ಬೆಳೆಯನ್ನು ಓದಿದವನು. ಆದರೂ ನೆರೆಯ ನಂತರದ ಆರೋಗ್ಯದ ಬಗ್ಗೆ ಮಾತನಾಡುವ ಧೈರ್ಯ ಮಾಡುತ್ತಿರುವುದಕ್ಕೆ ಕಾರಣವಿದೆ. ರೈತನ ಮನಸ್ಸಿಗೂ ಅವನ ಹೊಲಕ್ಕೂ ನಡುವೆ ಬೇಲಿಯಿಲ್ಲ. ಒಂದನ್ನು ಬಿಟ್ಟು ಮತ್ತೊಂದಕ್ಕೆ ಮದ್ದು ಕೊಡಲು ಹೊರಟರೆ ಆ ಮದ್ದು ಹಿಡಿಯುವುದಿಲ್ಲ. ಇಂದಿನ ನನ್ನ ಮಾತಿನ ಸಾರ ಇಷ್ಟೇ.

2009ರ ಸಂದರ್ಭವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಆ ವರ್ಷ ದೇಶದ ಮುಂಗಾರು ಸರಾಸರಿಗಿಂತ ಶೇಕಡ 22ರಷ್ಟು ಕಡಿಮೆಯಾಗಿತ್ತು. ಉತ್ತರ ಕರ್ನಾಟಕದ ರೈತರು ಬರದ ಚಿಂತೆಯಲ್ಲಿದ್ದಾಗ ಸೆಪ್ಟೆಂಬರ್ ಕೊನೆಯಿಂದ ಕೆಲವೇ ದಿನಗಳಲ್ಲಿ ಆಕಾಶವೇ ಹರಿದುಬಿದ್ದಂತಾಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಕೊಪ್ಪಳ ಜಿಲ್ಲೆಗೆ ಆಗ ಇದ್ದದ್ದು ಈ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿಗಳು ಸೇರಿ ಈಗ ಏಳಾಗಿವೆ. ಗಂಗಾವತಿಯಲ್ಲಿ ನೆರೆಯೆಂದರೆ ಹೊಳೆ ಉಕ್ಕಿ ಗದ್ದೆಗೆ ನುಗ್ಗುವುದು. ಕುಷ್ಟಗಿ, ಯಲಬುರ್ಗಾಗಳ ಎರೆಹೊಲದ ಊರುಗಳಲ್ಲಿ ಹಾಗಲ್ಲ. ಅಲ್ಲಿ ಹಳ್ಳಗಳು ಒಮ್ಮೆಲೇ ತುಂಬುತ್ತವೆ, ಬಿಡದೆ ಸುರಿಯುವ ಮಳೆಗೆ ಮಣ್ಣಿನ ಮಾಳಿಗೆ ನೆನೆದು, ರಾತ್ರಿ ಮಲಗಿದವರ ಮೇಲೆಯೇ ಗೋಡೆ ಕುಸಿಯುತ್ತದೆ. ಮಳೆಗಾಗಿ ಮುಗಿಲು ನೋಡುತ್ತಿದ್ದವರು ಅದೇ ಮಳೆಗೆ ಹೆದರಬೇಕಾಗಿ ಬಂದದ್ದು ಆ ಸೀಮೆಯ ದುರಂತ.

ಇಂಥ ಸಮಯದಲ್ಲಿ ಮೊದಲು ಬೇಕಾದದ್ದು ದೇಹದ ರಕ್ಷಣೆ. ನೀರು ಇಳಿದ ಕೂಡಲೇ ಬರುವುದು ವಾಂತಿಭೇದಿ. ಸಾವಿರ ಲೀಟರ್ ಕುಡಿಯುವ ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೆರೆಸಿ ಒಂದು ಗಂಟೆ ಬಿಡಬೇಕು. ನೀರು ಕೆಂಪಾಗಿದ್ದರೆ ಮೊದಲು ಸೋಸಬೇಕು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಒಂದೆರಡು ವಾರ ಕಳೆದ ಮೇಲೆ ಕೆಸರಿನಲ್ಲಿ ದುಡಿದವರಿಗೆ ಇಲಿಜ್ವರ, ನಿಂತ ನೀರಿನ ಸೊಳ್ಳೆಯಿಂದ ಡೆಂಗಿ, ಮಲೇರಿಯಾ. ಹಾವು ಕಚ್ಚಿದರೆ ಕೊಯ್ಯದೆ, ಬಿಗಿಯದೆ, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು.

ಇವೆಲ್ಲ ಶಿಬಿರದ ವೈದ್ಯರ ಗಮನಕ್ಕೆ ಬರುತ್ತವೆ. ಗಮನಕ್ಕೆ ಬಾರದೆ ಹೋಗುವುದು ಹಳೆಯ ಕಾಯಿಲೆ. ಬಿ.ಪಿ., ಸಕ್ಕರೆ, ಕ್ಷಯ, ಮೂರ್ಛೆರೋಗಗಳ ಮಾತ್ರೆಗಳು ಮನೆಯೊಡನೆಯೇ ತೇಲಿಹೋಗಿರುತ್ತವೆ. ಗರ್ಭಿಣಿಯ ತಾಯಿ ಕಾರ್ಡು ಕೆಸರಿನಲ್ಲಿ ಹೂತಿರುತ್ತದೆ. ಯಾರ ಮನೆಯಲ್ಲಿ ಯಾರಿಗೆ ಯಾವ ಮಾತ್ರೆ ನಡೆಯುತ್ತಿತ್ತು ಎಂಬುದು ಪಟ್ಟಣದಿಂದ ಬಂದ ವೈದ್ಯರಿಗೆ ತಿಳಿಯದು, ಊರಿನ ಆಶಾ ಕಾರ್ಯಕರ್ತೆಗೆ ತಿಳಿದಿರುತ್ತದೆ. ಆದುದರಿಂದ ನೆರೆಯ ಮರುದಿನ ಶಿಬಿರದಲ್ಲಿ ಮೊದಲ ಕುರ್ಚಿ ಆಕೆಗೇ ಸಲ್ಲಬೇಕು.

ಇನ್ನು ಮನಸ್ಸಿನ ವಿಚಾರ. ನಮ್ಮ ದೇಶದಲ್ಲಿ ದುರಂತಕ್ಕೀಡಾದವರ ಮನಸ್ಸಿನ ಆರೈಕೆಗೆ ಗಂಭೀರ ಪ್ರಯತ್ನ ನಡೆದದ್ದು 1984ರ ಭೋಪಾಲದ ಅನಿಲ ದುರಂತದ ನಂತರ. ಅದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿಯವರಂಥ ತಜ್ಞರು ತೊಡಗಿದ್ದರು. ಅದೇ ನಿಮ್ಹಾನ್ಸ್ 1985ರ ಸುಮಾರಿಗೆ ಕೊಪ್ಪಳದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಮತ್ತೊಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಉಪಚರಿಸಬಹುದೆಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನೆರೆ ಬಂದ 2009ರ ಡಿಸೆಂಬರ್‌ನಲ್ಲೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದುರಂತದ ಕಾಲದ ಮನೋಸಾಮಾಜಿಕ ನೆರವಿಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಜ್ಞಾನದ ಕೊರತೆ ನಮಗಿಲ್ಲ. ಅದು ಕೊನೆಯ ಮನೆಯ ತನಕ ತಲುಪಬೇಕಾಗಿದೆ.

ಆ ಜ್ಞಾನ ಹೇಳುವುದೇನು? ನೆರೆಗೆ ಸಿಕ್ಕವರಲ್ಲಿ ಹೆಚ್ಚಿನವರು ಹುಚ್ಚರಾಗುವುದಿಲ್ಲ. ನಿದ್ದೆ ಬಾರದಿರುವುದು, ಮಳೆಯ ಸದ್ದಿಗೆ ಬೆಚ್ಚುವುದು, ಮಕ್ಕಳು ಹಾಸಿಗೆ ಒದ್ದೆ ಮಾಡುವುದು, ಇವು ಅಸಹಜ ಘಟನೆಗೆ ಮನಸ್ಸು ತೋರುವ ಸಹಜ ಪ್ರತಿಕ್ರಿಯೆಗಳು. ತಮ್ಮವರ ಆಸರೆ ಸಿಕ್ಕರೆ ಇವು ಕ್ರಮೇಣ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಕೈಪಿಡಿಯು ಮನಸ್ಸಿನ ಪ್ರಥಮ ಚಿಕಿತ್ಸೆಗೆ ಮೂರು ಹೆಜ್ಜೆ ಹೇಳುತ್ತದೆ. ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು. ಇದಕ್ಕೆ ಪದವಿ ಬೇಡ. ಆದರೆ ಸಂಯಮ ಬೇಕು. ‘ಏನೇನಾಯಿತು, ಬಿಡಿಸಿ ಹೇಳು’ ಎಂದು ಕೆದಕಬಾರದು. ‘ಅಳಬೇಡ, ಎಲ್ಲ ದೈವೇಚ್ಛೆ’ ಎಂದು ಬಾಯಿ ಮುಚ್ಚಿಸಲೂಬಾರದು. ಈಡೇರಿಸಲಾಗದ ಭರವಸೆ ಕೊಡಬಾರದು. ಒಬ್ಬ ತಾಯಿಯಿಂದ ಹತ್ತು ಕ್ಯಾಮೆರಾಗಳ ಮುಂದೆ ಅದೇ ಗೋಳನ್ನು ಹೇಳಿಸುವುದು ಗಾಯವನ್ನು ಮತ್ತೆ ಮತ್ತೆ ಕೆರೆದಂತೆ.

ಕೆಲವರಿಗೆ ಮಾತ್ರ ಇಷ್ಟು ಸಾಲದು. ವಾರಗಳು ಕಳೆದರೂ ಊಟ ನಿದ್ದೆ ಮರಳದವರು, ಹೊಲದ ಕಡೆ ಮುಖ ಮಾಡದವರು, ಕುಡಿತ ಹೆಚ್ಚಿಸಿಕೊಂಡವರು, ಸಾವಿನ ಮಾತಾಡುವವರು ವೈದ್ಯರನ್ನು ಕಾಣಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಜೊತೆಗೆ ಕೃಷಿ ವಿಜ್ಞಾನಿಯಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬೆಳೆ ಹೋದ ಮನೆಯಲ್ಲಿ ಕೀಟನಾಶಕದ ಡಬ್ಬಿ ಕೈಗೆಟುಕುವಂತಿರಬಾರದು. ಆತ್ಮಹತ್ಯೆಯ ಯೋಚನೆ ಹಲವು ಬಾರಿ ಗಳಿಗೆಯ ಆವೇಗ. ಆ ಗಳಿಗೆಯಲ್ಲಿ ವಿಷ ಸಿಗದಿದ್ದರೆ ಜೀವ ಉಳಿಯಬಹುದು. ಡಬ್ಬಿಗೆ ಬೀಗ ಹಾಕಿ ಕೀಲಿಕೈಯನ್ನು ಇನ್ನೊಬ್ಬರ ಬಳಿ ಇಡುವುದು ಖರ್ಚಿಲ್ಲದ ಕೆಲಸ.

ಈಗ ಹೊಲಕ್ಕೆ ಬರೋಣ. 2009ರ ನೆರೆ ಬಂದದ್ದು ಮುಂಗಾರಿ ಬೆಳೆ ಕೈಗೆ ಬರುವ ಹೊತ್ತಿಗೆ, ಹಿಂಗಾರಿ ಬಿತ್ತನೆಯ ಹೊಸ್ತಿಲಲ್ಲಿ. ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಅಕ್ಟೋಬರ್ ಮಧ್ಯದವರೆಗೆ, ಕಡಲೆಯನ್ನು ಇನ್ನೂ ಕೆಲವು ದಿನ ತಡವಾಗಿ ಬಿತ್ತಬಹುದು. ಅಂದರೆ ಅಂಥ ನೆರೆಯ ನಂತರ ರೈತನಿಗೆ ಉಳಿಯುವುದು ಎರಡು ಮೂರು ವಾರಗಳ ಸಮಯ. ಅಷ್ಟರೊಳಗೆ ಬೀಜ, ಎತ್ತಿಗೆ ಮೇವು, ಕೊಚ್ಚಿಹೋದ ಬದು ಕಟ್ಟಲು ಕೂಲಿ ತಲುಪಿದರೆ ಅವನು ಬೆಳಗ್ಗೆ ಎದ್ದು ಹೊಲಕ್ಕೆ ಹೋಗುತ್ತಾನೆ. ತಡವಾದರೆ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತು ಸಾಲದ ಲೆಕ್ಕ ಹಾಕುತ್ತಾನೆ. ಸಕಾಲದಲ್ಲಿ ಬಂದ ಬೀಜದ ಚೀಲ ಮನಸ್ಸಿಗೂ ಔಷಧವೆಂದು ನಾನು ನಂಬಿದ್ದೇನೆ. ಪರಿಹಾರವು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಸಂದರೆ ಲಾವಣಿಗೆ ಹೊಲ ಮಾಡಿದವರು, ಕೂಲಿಯವರು, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ವಿಧವೆಯರು ಎರಡನೆಯ ಬಾರಿ ಮುಳುಗುತ್ತಾರೆ.

ಮನೆಯ ಮಾತೂ ಹಾಗೆಯೇ. ‘ಆಸರೆ’ ಯೋಜನೆಯಡಿ ಸರ್ಕಾರ ಮತ್ತು ದಾನಿಗಳು ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳನ್ನು ಕಟ್ಟಿಸಿದರು. ಅದು ದೊಡ್ಡ ಕೆಲಸವೇ. ಆದರೆ ಹಲವೆಡೆ ಮನೆಗಳು ಖಾಲಿ ಉಳಿದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ. ಅಕ್ಕಪಕ್ಕದ ಮನೆಯವರು ಬೇರಾದರೆ ದುಃಖ ಹಂಚಿಕೊಳ್ಳುವ ಕಟ್ಟೆಯೂ ಹೋಗುತ್ತದೆ. ಎಲ್ಲಿ, ಯಾರ ಪಕ್ಕದಲ್ಲಿ ಬದುಕಬೇಕೆಂದು ಸಂತ್ರಸ್ತರನ್ನೇ ಕೇಳುವುದು ಆರೋಗ್ಯದ ಕ್ರಮವೇ ಆಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕಿತ್ತುಹೋಯಿತು. ತಾತ್ಕಾಲಿಕ ಗೇಟು ಕೂರಿಸುವವರೆಗೆ ಕೆಳಗಿನ ಊರುಗಳು ಆತಂಕದಲ್ಲಿ ದಿನ ಕಳೆದವು. ಭಯ ಹರಡುವುದಕ್ಕೆ ನೆರೆಯೇ ಬರಬೇಕೆಂದಿಲ್ಲ. ನಂಬಬಹುದಾದ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದೂ ಒಂದು ಚಿಕಿತ್ಸೆ.

ಕೊನೆಯದಾಗಿ ನಮ್ಮ ಕರ್ತವ್ಯ. ಪ್ರತಿ ಊರಿನಲ್ಲೂ ಮಳೆಗಾಲಕ್ಕೆ ಮುಂಚೆ ಐದಾರು ಜನರ ತಂಡ ಸಿದ್ಧವಾಗಲಿ: ಆಶಾ ಕಾರ್ಯಕರ್ತೆ, ಶಾಲೆಯ ಮಾಸ್ತರರು, ಸ್ತ್ರೀಶಕ್ತಿ ಸಂಘದ ಒಬ್ಬರು, ಇಬ್ಬರು ವಿದ್ಯಾರ್ಥಿಗಳು, ಊರು ನಂಬುವ ಒಬ್ಬ ಹಿರಿಯರು. ನಿತ್ಯ ಮಾತ್ರೆ ನುಂಗುವವರು, ಗರ್ಭಿಣಿಯರು, ಒಂಟಿ ವೃದ್ಧರು, ಅಂಗವಿಕಲರು ಯಾರೆಂಬ ಪಟ್ಟಿ ಅವರ ಬಳಿ ಇರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಒಂದು ದಿನದ ತರಬೇತಿ ಕೇಳಿ ಪಡೆಯಲಿ. ನೆರೆಯಾದ ಮೇಲೆ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ, ಮತ್ತೆ ಮುಂದಿನ ಮಳೆ ಶುರುವಾಗುವಾಗ ತಪ್ಪದೆ, ಪ್ರತಿ ಮನೆಗೂ ಹೋಗಿ ಬರಲಿ. ಶಿಬಿರಗಳು ಮುಚ್ಚಿ, ಪತ್ರಿಕೆಗಳು ಮರೆತ ಮೇಲೆ, ಸಾಲಗಾರ ಬಾಗಿಲಿಗೆ ಬರುವ ದಿನಗಳೇ ಹೆಚ್ಚು ಅಪಾಯದವು. ಆ ದಿನಗಳಲ್ಲಿ ‘ಹೇಗಿದ್ದೀರಿ?’ ಎಂದು ಕೇಳಿ, ಉತ್ತರಕ್ಕಾಗಿ ಕಾದು ಕುಳಿತುಕೊಳ್ಳುವ ಒಬ್ಬರು ಊರಿನಲ್ಲೇ ಇರಬೇಕು. ಆ ಒಬ್ಬರಾಗಲು ನಿಮ್ಮಲ್ಲಿ ಯಾರು ಸಿದ್ಧರಿದ್ದೀರಿ ಎಂಬುದನ್ನು ಇಂದೇ ನಿಶ್ಚಯಿಸಿ, ಹೆಸರು ಬರೆಸಿ ಮನೆಗೆ ತೆರಳಬೇಕೆಂದು ಕೇಳಿಕೊಳ್ಳುತ್ತೇನೆ.